ಮೂರು ಚೌಕದ ಕಾಮಿಕ್ಸ್ ಕೆಳಗೆ ಹೈಕು: ಚಿತ್ರ ನಗಿಸುತ್ತದೆ, ಪದ್ಯ ಯಾಕೆ ನಗಿಸುತ್ತಿಲ್ಲ?

ಚಿತ್ರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಹೋದ ಜೂನ್‌ನಿಂದ ನಮ್ಮ ಶಾಲೆಯ ಭಿತ್ತಿಪತ್ರಿಕೆಯಲ್ಲಿ ಪ್ರತಿ ಸೋಮವಾರ ಒಂದು ಕಾಮಿಕ್ಸ್ ಹಾಕುತ್ತಿದ್ದೇನೆ. ಅರ್ಧ ಡ್ರಾಯಿಂಗ್ ಶೀಟು, ಮೂರು ಚೌಕ, ಕಪ್ಪು ಸ್ಕೆಚ್ ಪೆನ್ನು. ಮಾತಿನ ಗುಳ್ಳೆ ಒಂದೂ ಇಲ್ಲ. ಅದರ ಬದಲು ಕೆಳಗೆ ಒಂದು ತಮಾಷೆ ಹೈಕು, ಅಂದರೆ ಜಪಾನಿನಿಂದ ಬಂದ ಮೂರು ಸಾಲಿನ ಪದ್ಯ, ಐದು ಏಳು ಐದು ಅಕ್ಷರದ್ದು.

ಬೋರ್ಡು ಇರುವುದು ಕೈ ತೊಳೆಯುವ ನಲ್ಲಿಗಳ ಪಕ್ಕ. ಬಿಸಿಯೂಟ ಮುಗಿಸಿ ಮಕ್ಕಳು ಅಲ್ಲೇ ಸಾಲು ನಿಲ್ಲುತ್ತಾರೆ. ತಟ್ಟೆ ತೊಳೆಯುವ ಸರದಿ ಬರುವಷ್ಟರಲ್ಲಿ ಮೂರು ಸಾಲು ಓದಿ ಮುಗಿಯುತ್ತದೆ. ಅದಕ್ಕೇ ನಾನು ಹೈಕು ಆರಿಸಿಕೊಂಡೆ. ಉದ್ದದ್ದು ಬರೆದರೆ ನಲ್ಲಿ ಹತ್ತಿರ ನೂಕಾಟ ಆಗುತ್ತದೆ.

ಮೊದಲು ಗೆದ್ದದ್ದು ಇದು. ಜುಲೈ ತಿಂಗಳು, ಹದಿನೈದು ದಿನ ಬಿಸಿಲೇ ಇರಲಿಲ್ಲ. ಇಲ್ಲಿ ಆಗ ಎಲ್ಲರ ಮನೆಯಲ್ಲೂ ಬಟ್ಟೆ ಒಣಗಿಸುವುದು ಒಲೆ ಮೇಲೆ ಹಗ್ಗ ಕಟ್ಟಿ. ಒಂದನೇ ಚೌಕದಲ್ಲಿ ಹಗ್ಗದ ಮೇಲೆ ಸಮವಸ್ತ್ರ. ಎರಡರಲ್ಲಿ ಕೊಡೆಗಳ ಸಾಲು. ಮೂರರಲ್ಲಿ ಹಾಜರಿ ಪುಸ್ತಕ ಹಿಡಿದು ಮೂಗು ಅರಳಿಸಿದ ಟೀಚರ್.

ಮಳೆಯ ಶಾಲೆ
ಎಲ್ಲರ ಅಂಗಿಯಲ್ಲೂ
ಒಲೆಯ ಹೊಗೆ

ಮಕ್ಕಳು ಇದನ್ನು ಓದಿ ತಮ್ಮ ತಮ್ಮ ತೋಳು ಮೂಸಿ ನೋಡಿಕೊಂಡರು. ಆಮೇಲೆ ಪಕ್ಕದವರ ತೋಳು. ಆಮೇಲೆ ನಗು. ಆ ದಿನ ನನಗಾದ ಖುಷಿ ಇನ್ನೂ ಹಾಗೇ ಇದೆ.

ಆದರೆ ಅದಾದ ಮೇಲೆ ಬರೆದದ್ದು ಯಾವುದೂ ಹಾಗೆ ತಾಗುತ್ತಿಲ್ಲ. ಹೋದ ವಾರದ್ದನ್ನೇ ಹೇಳುತ್ತೇನೆ. ನಾನು ದಿನಾ ಬಸ್ಸಿನಲ್ಲಿ ಓಡಾಡುವವನು. ಟಿಕೆಟ್ 43 ರೂಪಾಯಿ, ಕೊಟ್ಟದ್ದು 50ರ ನೋಟು. ಕಂಡಕ್ಟರ್ ಟಿಕೆಟ್ ಹಿಂದೆ 7 ಅಂತ ಬರೆದು ಒಂದು ಸುತ್ತು ಹಾಕಿ ಕೊಟ್ಟರು. ಇಳಿದೆ, ಬಸ್ಸು ಹೋಯಿತು, ಟಿಕೆಟ್ ಕೈಯಲ್ಲೇ ಉಳಿಯಿತು. ಇದು ನಮ್ಮಲ್ಲಿ ಎಲ್ಲರಿಗೂ ಆಗಿರುವ ಸಂಗತಿ ಅಲ್ವಾ? ಹಾಗಾಗಿ ಚಿತ್ರ ಮಾಡಿದೆ. ಒಂದನೇ ಚೌಕ, ಕಂಡಕ್ಟರ್ ಬರೆಯುತ್ತಿರುವುದು. ಎರಡು, ಕಿಟಕಿಗೆ ತಲೆ ಒರಗಿಸಿ ನಿದ್ದೆ. ಮೂರು, ಹೊರಟ ಬಸ್ಸಿನ ಹಿಂದೆ ಬಾಯಿ ತೆರೆದು ನಿಂತ ಮನುಷ್ಯ. ಕೆಳಗೆ ಹೀಗೆ ಬರೆದೆ:

ಚಿಲ್ಲರೆ ಇಲ್ಲ
ಟಿಕೀಟ ಹಿಂದೆ ಏಳು
ಮರೆತೆ ಅಯ್ಯೋ

ಚಿತ್ರಕ್ಕೆ ನಕ್ಕರು. ಪದ್ಯಕ್ಕೆ ಯಾರೂ ನಗಲಿಲ್ಲ. ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಬಂದು, "ಸರ್, ಚಿತ್ರ ನೋಡಿದ್ಮೇಲೆ ಪದ್ಯ ಓದ್ಲೇಬೇಕಾ?" ಅಂತ ಕೇಳಿದಳು. ಅವಳು ತುಂಟತನಕ್ಕೆ ಕೇಳಿದ್ದಲ್ಲ, ನಿಜವಾಗಿ ಗೊತ್ತಾಗದೆ ಕೇಳಿದ್ದು. ಒಂದು ವಾರದಿಂದ ಆ ಪ್ರಶ್ನೆ ತಲೆಯಲ್ಲಿ ಕೂತಿದೆ. ಚಿತ್ರವೇ ಎಲ್ಲ ಹೇಳಿದ ಮೇಲೆ ಪದ್ಯಕ್ಕೆ ಏನು ಕೆಲಸ?

ಇನ್ನೊಂದು ಸಣ್ಣ ಅನುಮಾನ. ಕನ್ನಡದಲ್ಲಿ ಹೈಕು ಬರೆಯುವಾಗ ಎಣಿಸಬೇಕಾದ್ದು ಅಕ್ಷರವನ್ನೋ ಮಾತ್ರೆಯನ್ನೋ? ತಿಳಿದವರು ದಯವಿಟ್ಟು ಹೇಳಿ. ಮುಂದಿನ ಸೋಮವಾರಕ್ಕೆ ಇದೇ ಚಿತ್ರವನ್ನು ತಿದ್ದಿ ಮತ್ತೆ ಹಾಕಬೇಕು ಅಂತ ಇದ್ದೇನೆ.

ಅಂಕೋಲೆ ಅಕ್ಕ

ಮೇಷ್ಟ್ರೇ, ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಿ ಆದವಳು. ನಿಮ್ಮ ಹೊಗೆ ಹೈಕು ಓದಿ ನಮ್ಮ ಹಳೇ ಮನೆಯ ಅಡುಗೆಮನೆ ಮೂಗಿಗೆ ಬಂತು. ಬಹಳ ಚೆನ್ನಾಗಿದೆ.

ಈಗ ಬಸ್ಸಿನದ್ದಕ್ಕೆ ಬರೋಣ. "ಮರೆತೆ ಅಯ್ಯೋ" ಅನ್ನುವುದು ನಿಮ್ಮ ಕೆಲಸ ಅಲ್ಲ, ಓದುವವರ ಕೆಲಸ. ಚಿತ್ರದಲ್ಲಿ ಆಗಲೇ ಆ ಮನುಷ್ಯ ಬಾಯಿ ತೆರೆದಿದ್ದಾನೆ. ಪದ್ಯದಲ್ಲಿ ನೀವೂ ಅಯ್ಯೋ ಅಂದುಬಿಟ್ಟರೆ ಮಕ್ಕಳಿಗೆ ಅನ್ನಲು ಏನು ಉಳಿಯಿತು? ಹೊಗೆ ಹೈಕು ನೋಡಿ. ಅಲ್ಲಿ "ವಾಸನೆ" ಅನ್ನುವ ಪದವೇ ಇಲ್ಲ. ಅದಕ್ಕೇ ಮಕ್ಕಳು ತೋಳು ಮೂಸಿದ್ದು. ನೀವು ಬಿಟ್ಟ ಪದವನ್ನು ಅವರು ತುಂಬಿಕೊಂಡರು.

ಹಾಗಾಗಿ ಅಯ್ಯೋ ತೆಗೆದು ಅಲ್ಲಿ ಕಣ್ಣಿಗೆ ಕಾಣುವ ಒಂದು ವಸ್ತು ಇಡಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

ಟಿಕೆಟಿನ ಹಿಂದೆ
ಬಾಕಿ ಏಳು ರೂಪಾಯಿ
ಬಸ್ಸಿನ ಧೂಳು

ಮೊದಲ ಸಾಲಿನಲ್ಲಿ ಆರು ಅಕ್ಷರ ಆಯಿತು, ನೋಡಿದೆ. ಆಗಲಿ ಬಿಡಿ. ನೀವು ಲೆಕ್ಕ ಸರಿಮಾಡಲು "ಟಿಕೀಟ" ಅಂತ ಬರೆದಿರಿ. ನಿಮ್ಮ ಶಾಲೆಯಲ್ಲಿ ಯಾರಾದರೂ ಹಾಗೆ ಹೇಳುತ್ತಾರಾ? ಹುಬ್ಬಳ್ಳಿ ಕಡೆ ಹೇಳಿದರೆ ಸರಿ, ಅಲ್ಲಿನ ಬಾಯಿಗೆ ಅದು ಕೂರುತ್ತದೆ. ನಿಮ್ಮ ಮಕ್ಕಳು ಆಡದ ಪದವನ್ನು ಲೆಕ್ಕಕ್ಕೋಸ್ಕರ ತುರುಕಿದರೆ ಅವರು ಮೊದಲು ಎಡವುವುದೇ ಅಲ್ಲಿ. ಎಡವಿದವರು ನಗುವುದಿಲ್ಲ.

ಇನ್ನೊಂದು ಮಾತು. ನಾವು ಕನ್ನಡದವರು ಮೂರು ನಾಲ್ಕು ಸಾಲು ಅಂದ ಕೂಡಲೇ ಪ್ರಾಸಕ್ಕೆ, ಪದಗಳ ಆಟಕ್ಕೆ ಕೈ ಹಾಕುತ್ತೇವೆ. ಅದು ಹನಿಗವನದ, ಚುಟುಕದ ಅಭ್ಯಾಸ. ನಮ್ಮ ಜಿಲ್ಲೆಯವರೇ ಆದ ದಿನಕರ ದೇಸಾಯಿಯವರ ನಾಲ್ಕು ಸಾಲಿನ ಚುಟುಕಗಳನ್ನು ಓದಿಕೊಂಡೇ ನಾನು ದೊಡ್ಡವಳಾದೆ. ಅಲ್ಲಿ ಪ್ರಾಸ ಬಿದ್ದಾಗ ಬಾಗಿಲಿಗೆ ಚಿಲಕ ಬಿದ್ದ ಹಾಗೆ ಸದ್ದಾಗುತ್ತದೆ, ಮಾತು ಮುಗಿಯಿತು ಅಂತ ಗೊತ್ತಾಗುತ್ತದೆ. ಚುಟುಕಕ್ಕೆ ಅದು ಬೇಕು. ಹೈಕುವಿನಲ್ಲಿ ಬಾಗಿಲು ಅರ್ಧ ತೆರೆದೇ ಇರಬೇಕು. ಎರಡೂ ನನಗೆ ಇಷ್ಟ. ಆದರೆ ಒಂದರ ಚಿಲಕ ತಂದು ಇನ್ನೊಂದಕ್ಕೆ ಹಾಕಬಾರದು.

ಲಘು ಗುರು

ಅಕ್ಕಾ, ಲೆಕ್ಕದ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ನಮ್ಮ ಭಾಷೆಯಲ್ಲಿ ಅಷ್ಟು ಚೆಂದದ ಮಾತ್ರೆ ಲೆಕ್ಕ ಇರುವಾಗ ಅಕ್ಷರ ಯಾಕೆ ಎಣಿಸಬೇಕು? ಲಘುವಿಗೆ ಒಂದು, ಗುರುವಿಗೆ ಎರಡು. ಹೈಸ್ಕೂಲಿನಲ್ಲಿ ಎಲ್ಲರೂ ಪ್ರಸ್ತಾರ ಹಾಕಿದ್ದೇವೆ. ಆ ಮಕ್ಕಳಿಗೂ ಅದು ಪಾಠದಲ್ಲಿ ಇದ್ದೇ ಇದೆ. ಕಾಮಿಕ್ಸ್ ನೆಪದಲ್ಲಿ ಛಂದಸ್ಸೂ ಕೈಗೆ ಬರುತ್ತದೆ.

ಐದು ಏಳು ಐದು ಮಾತ್ರೆಯಲ್ಲಿ ಜಾಗ ಬಹಳ ಕಮ್ಮಿ, ಒಪ್ಪುತ್ತೇನೆ. ಆದರೆ ಆ ಇಕ್ಕಟ್ಟಿನಲ್ಲೇ ನಗು ಹುಟ್ಟುತ್ತದೆ. ನಾನು ಮೊನ್ನೆ ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೆದದ್ದು:

ಮಳೆ ಬಂತು
ಕೊಡೆ ಮನೇಲಿದೆ
ನಾನಿಲ್ಲಿ

ಎಣಿಸಿ ನೋಡಿ, ಸರಿಯಾಗಿ ಹದಿನೇಳು ಮಾತ್ರೆ. ಒಂದು ಪದ ಜಾಸ್ತಿ ಹಾಕಲು ಜಾಗವೇ ಇಲ್ಲ. ಅಯ್ಯೋ ಅನ್ನಲೂ ಜಾಗ ಇಲ್ಲ. ಮೇಷ್ಟ್ರ ತೊಂದರೆಗೆ ಅದೇ ಮದ್ದು ಅಂತ ನನಗೆ ಅನ್ನಿಸುತ್ತದೆ.

ನಗೋಯಾ ಕನ್ನಡಿಗ

ಜಪಾನಿಗೆ ಬಂದು ಹನ್ನೊಂದು ವರ್ಷ ಆಯಿತು. ಇಲ್ಲಿ ಕಂಡದ್ದನ್ನು ಸ್ವಲ್ಪ ಬರೆಯುತ್ತೇನೆ, ಉಪಯೋಗಕ್ಕೆ ಬರಬಹುದು.

ಲೆಕ್ಕದಲ್ಲಿ ಲಘು ಗುರು ಅವರು ಹೇಳಿದ್ದು ಜಪಾನಿ ಲೆಕ್ಕಕ್ಕೆ ತುಂಬಾ ಹತ್ತಿರ. ಇಲ್ಲಿ ಟಿಕೆಟ್ಟಿಗೆ "ಕಿಪ್ಪು" ಅನ್ನುತ್ತಾರೆ. ಬಾಯಲ್ಲಿ ಹೇಳಿದರೆ ನಮಗೆ ಎರಡೇ ಅಕ್ಷರ. ಅವರ ಲೆಕ್ಕದಲ್ಲಿ ಮೂರು: ಕಿ, ಆಮೇಲೆ ಒತ್ತಿಗೆ ಒಂದು ತಡೆ, ಆಮೇಲೆ ಪು. ನಮ್ಮ ಪ್ರಸ್ತಾರ ಹಾಕಿದರೂ ಮೂರೇ ಬರುತ್ತದೆ. ಒತ್ತಕ್ಷರದ ಹಿಂದಿನ ಕಿ ಗುರು, ಪು ಲಘು. ಟೋಕಿಯೋ ಊರಿನ ಹೆಸರನ್ನು ಅವರು ಹೇಳುವ ಹಾಗೆ ಎರಡೂ ಕಡೆ ಎಳೆದು "ಟೋಕ್ಯೋ" ಅಂದರೆ ನಾಲ್ಕು. ನಮ್ಮಲ್ಲೂ ನಾಲ್ಕು. ಇದು ನನಗೆ ಮೊದಲ ಸಲ ಹೊಳೆದಾಗ ರೈಲಿನಲ್ಲಿ ಕೂತು ಸ್ಟೇಷನ್ ಹೆಸರುಗಳಿಗೆಲ್ಲ ಪ್ರಸ್ತಾರ ಹಾಕಿದ್ದೆ.

ಆದರೆ ಅಕ್ಕ ಹೇಳಿದ್ದೂ ಸರಿ. ಲೆಕ್ಕಕ್ಕಿಂತ ಒಂದು ಜಾಸ್ತಿ ಆದರೆ ಇಲ್ಲಿ ಅದಕ್ಕೆ "ಜಿಅಮಾರಿ" ಅಂತ ಹೆಸರೇ ಇದೆ. ಹಳೇ ಕವಿಗಳೂ ಹಾಗೆ ಬರೆದಿದ್ದಾರೆ. ಆರು ಅಕ್ಷರದ "ಟಿಕೆಟಿನ ಹಿಂದೆ" ಬಗ್ಗೆ ಚಿಂತೆ ಬೇಡ.

ಮೇಷ್ಟ್ರೇ, ನೀವು ಬರೆಯುತ್ತಿರುವುದಕ್ಕೆ ಇಲ್ಲಿ ಇನ್ನೊಂದು ಹೆಸರಿದೆ, ಸೆನ್ರಿಯು. ಹದಿನೇಳರ ಲೆಕ್ಕ ಹೈಕುವಿನದ್ದೇ. ಆದರೆ ಋತುವನ್ನು ಹೇಳುವ ಪದ ಬೇಕು ಅನ್ನುವ ಕಟ್ಟು ಇಲ್ಲ. ನೋಟ ಮನುಷ್ಯರ ಮೇಲೆ, ಅವರ ಮರೆವು, ಜಿಪುಣತನ, ಗಡಿಬಿಡಿ ಮೇಲೆ. 18ನೇ ಶತಮಾನದಲ್ಲಿ ಎದೋ ನಗರದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, ಕರಾಯ್ ಸೆನ್ರಿಯು ಅನ್ನುವವರು ಊರ ಜನ ಬರೆದು ಕಳಿಸಿದ ಪದ್ಯಗಳಲ್ಲಿ ಒಳ್ಳೆಯದನ್ನು ಆರಿಸುತ್ತಿದ್ದರು. ಆರಿಸಿದವರ ಹೆಸರೇ ಪದ್ಯಕ್ಕೆ ನಿಂತಿತು. ಇವತ್ತಿಗೂ ಇಲ್ಲಿನ ಪತ್ರಿಕೆಗಳಲ್ಲಿ ಓದುಗರ ಸೆನ್ರಿಯುಗೆ ಜಾಗ ಇದೆ. ಒಂದು ವಿಮಾ ಕಂಪನಿ 1987ರಿಂದ ಆಫೀಸು ಕೆಲಸಗಾರರ ಬದುಕಿನ ಬಗ್ಗೆ ಸೆನ್ರಿಯು ಸ್ಪರ್ಧೆ ನಡೆಸಿಕೊಂಡು ಬಂದಿದೆ. ಆಯ್ಕೆಯಾದ ಪದ್ಯಗಳನ್ನು ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಗಟ್ಟಿಯಾಗಿ ಓದುತ್ತಾರೆ. ಹೆಂಡತಿ, ಮೇಲಧಿಕಾರಿ, ಬೋಳು ತಲೆ, ಪಾಸ್‌ವರ್ಡ್, ಇವೇ ವಿಷಯ.

ಹಾಗಂತ ಹೈಕುವಿಗೆ ನಗು ಹೊರಗಿನದಲ್ಲ. ಹೈಕು ಅನ್ನುವ ಹೆಸರು ಬಳಕೆಗೆ ತಂದವರು ಶಿಕಿ ಅನ್ನುವ ಕವಿ, 19ನೇ ಶತಮಾನದ ಕೊನೆಯಲ್ಲಿ. ಅದಕ್ಕೆ ಮುಂಚೆ ಈ ಪರಂಪರೆಯನ್ನು ಹೈಕಾಯ್ ಅನ್ನುತ್ತಿದ್ದರು. ಆ ಪದಕ್ಕೇ ತಮಾಷೆ, ವಿನೋದ ಅನ್ನುವ ಅರ್ಥ ಇದೆ. ಇಸ್ಸಾ ಅನ್ನುವ ಹಳೇ ಕವಿ ನೊಣ, ಚಿಗಟಗಳ ಮೇಲೆಲ್ಲ ಪ್ರೀತಿಯಿಂದ ಬರೆದರು. ಓದಿದರೆ ನಗು ಬರುತ್ತದೆ, ಜೊತೆಗೆ ನೊಣ ಹೊಡೆಯಲು ಎತ್ತಿದ ಕೈ ಕೆಳಗೆ ಬರುತ್ತದೆ. ಆಮೇಲೆ ಅಕ್ಕ ಇಟ್ಟ "ಧೂಳು" ನೋಡಿ. ನನ್ನ ಊರು ಸಾಗರದ ಹತ್ತಿರ. ನಮ್ಮ ಕಡೆ ಬಸ್ಸಿನ ಹಿಂದೆ ಧೂಳು ಏಳಬೇಕಾದರೆ ಫೆಬ್ರವರಿ ದಾಟಿರಬೇಕು. ಅಲ್ಲಿಗೆ ಋತುವೂ ಬಂತು.

ಈಗ ಆ ಹುಡುಗಿಯ ಪ್ರಶ್ನೆ. ಅವಳಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ. ಇಲ್ಲಿ ಹೈಗಾ ಅಂತ ಒಂದು ಕಲೆ ಇದೆ, ಒಂದೇ ಹಾಳೆಯಲ್ಲಿ ಚಿತ್ರ ಮತ್ತು ಹೈಕು. ಬುಸೋನ್ ಅನ್ನುವವರು ದೊಡ್ಡ ಚಿತ್ರಕಾರ, ದೊಡ್ಡ ಕವಿ, ಎರಡೂ ಆಗಿದ್ದವರು. ಒಳ್ಳೆಯ ಹೈಗಾದಲ್ಲಿ ಪದ್ಯ ಹೇಳಿದ್ದನ್ನೇ ಚಿತ್ರ ಮತ್ತೆ ಹೇಳುವುದಿಲ್ಲ. ಪದ್ಯದಲ್ಲಿ ಚಂದ್ರ ಇದ್ದರೆ ಚಿತ್ರದಲ್ಲಿ ಬರೀ ಖಾಲಿ ದೋಣಿ ಇರಬಹುದು. ಚಂದ್ರನನ್ನು ದೋಣಿಯ ಮೇಲೆ ಇಡುವುದು ನೋಡುವವನ ಪಾಲು. ನಿಮ್ಮ ಚಿತ್ರ ಬಸ್ಸು ಹೋಗುವವರೆಗೂ ಎಲ್ಲ ಹೇಳಿದೆ ಅಂದರೆ ಪದ್ಯ ಅಲ್ಲಿ ನಿಲ್ಲಬಾರದು. ಅದು ಇನ್ನೆಲ್ಲೋ ಹೋಗಿ ನಿಂತಿರಬೇಕು.

ಇಲ್ಲಿನ ದಿನಪತ್ರಿಕೆಗಳ ಕಾಮಿಕ್ಸ್‌ಗೆ ನಾಲ್ಕು ಚೌಕ. ಶುರು, ಮುಂದುವರಿಕೆ, ತಿರುವು, ಮುಕ್ತಾಯ. ನೀವು ಮೂರೇ ಚೌಕ ಬರೆದಿದ್ದೀರಿ. ನಾಲ್ಕನೆಯದನ್ನು ಪದ್ಯಕ್ಕೆ ಬಿಟ್ಟುಕೊಡಿ.

ಚಿತ್ರದ ಮೇಷ್ಟ್ರು

ಮೂವರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. "ನಾಲ್ಕನೆಯದನ್ನು ಪದ್ಯಕ್ಕೆ ಬಿಟ್ಟುಕೊಡಿ" ಅನ್ನುವುದನ್ನು ಓದಿ ಆ ರಾತ್ರಿ ಹಳೇ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ.

ನಾನು ಚೌಕಗಳ ನಡುವೆ ಕಾಲು ಇಂಚು ಬಿಳಿ ಜಾಗ ಬಿಡುತ್ತೇನೆ. ಸ್ಕೇಲು ಇಟ್ಟೇ ಗೆರೆ ಹಾಕುವುದು. ಆ ಕಾಲು ಇಂಚಿನಲ್ಲಿ ಏನೂ ಬರೆಯುವುದಿಲ್ಲ, ಆದರೂ ಅಲ್ಲೇ ಹೊತ್ತು ಕಳೆಯುತ್ತದೆ. ಕಂಡಕ್ಟರ್ ಬರೆಯುತ್ತಿದ್ದರು, ಮುಂದಿನ ಚೌಕದಲ್ಲಿ ಈತನಿಗೆ ನಿದ್ದೆ. ನಡುವೆ ಎಷ್ಟು ಊರು ದಾಟಿದವು ಅಂತ ಮಕ್ಕಳೇ ಲೆಕ್ಕ ಹಾಕಿಕೊಳ್ಳುತ್ತಾರೆ. ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರ ಚೌಕಳಿ ಕೋಟಿನ ಶ್ರೀಸಾಮಾನ್ಯ ಇದ್ದಾನಲ್ಲ, ಅವನು ಮಾತೇ ಆಡದೆ ನಿಂತು ನೋಡುತ್ತಾನೆ. ಅವನ ಪಾಲಿನ ಮಾತನ್ನು ನಾವು ಆಡಿಕೊಳ್ಳುತ್ತೇವೆ. ಚಿತ್ರದಲ್ಲಿ ಇದೆಲ್ಲ ನನಗೆ ಗೊತ್ತಿತ್ತು. ಪದ್ಯಕ್ಕೆ ಬಂದಾಗ ಮಾತ್ರ ಆ ಬಿಳಿ ಜಾಗ ಬಿಡದೆ ತುಂಬುತ್ತಿದ್ದೆ.

ಹಾಗಾಗಿ ಎರಡು ಕೆಲಸ ಮಾಡಿದೆ. ಮೂರನೇ ಚೌಕದಲ್ಲಿ ಬಾಯಿ ತೆರೆದ ಮನುಷ್ಯನನ್ನು ತೆಗೆದೆ. ಈಗ ಅಲ್ಲಿ ಧೂಳು, ಅದರ ಮುಂದೆ ಟಿಕೆಟ್ ಹಿಡಿದ ಒಂದು ಕೈ, ಅಷ್ಟೇ. ಅಕ್ಕಾ, ನಿಮ್ಮ ಧೂಳು ಚಿತ್ರಕ್ಕೆ ಹೋಯಿತು. ಪದ್ಯ ಎಲ್ಲಿಗೆ ಹೋಗಬೇಕು ಅಂತ ಎರಡು ದಿನ ಹೊಳೆಯಲಿಲ್ಲ. ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸಿಕ್ಕಿತು:

ಒಗೆದ ಅಂಗಿ
ಜೇಬಲ್ಲಿ ಮುದ್ದೆಯಾದ
ಏಳು ರೂಪಾಯಿ

ಇದರಲ್ಲಿ ಬಸ್ಸಿಲ್ಲ, ಟಿಕೆಟ್ಟಿಲ್ಲ, ಕಂಡಕ್ಟರ್ ಇಲ್ಲ. ಅವೆಲ್ಲ ಮೇಲೆ ಚಿತ್ರದಲ್ಲಿ ಇವೆ. ಸೋಮವಾರ ಹಾಕಿದೆ. ಆ ಹುಡುಗಿ ಚಿತ್ರ ನೋಡಿದಳು, ಪದ್ಯ ಓದಿದಳು, ಮತ್ತೆ ಮೇಲಿನ ಚಿತ್ರಕ್ಕೆ ಹೋದಳು. ಆಮೇಲೆ ನಕ್ಕಳು. ಈ ಸಲ ಪ್ರಶ್ನೆ ಕೇಳಲಿಲ್ಲ. ಬುಧವಾರ ನೋಟ್‌ಬುಕ್ಕಿನ ಕೊನೇ ಹಾಳೆ ಹರಿದು ತಂದುಕೊಟ್ಟಳು, ತಾನೇ ಬರೆದದ್ದು ಅಂತ. ಅವಳನ್ನು ಕೇಳಿಕೊಂಡೇ ಇಲ್ಲಿ ಹಾಕುತ್ತಿದ್ದೇನೆ:

ಅಜ್ಜಿಯ ಫೋನು
ಜೋರಾಗಿ ಹಲೋ ಹಲೋ
ಗುಡ್ಡದ ಮೇಲೆ

ನೆಟ್‌ವರ್ಕ್ ಸಿಗುವುದಿಲ್ಲ ಅಂತ ಅವಳು ಎಲ್ಲೂ ಬರೆದಿಲ್ಲ! ನಮ್ಮ ಕಡೆಯವರಿಗೆ ಬರೆಯಬೇಕಾಗಿಯೂ ಇಲ್ಲ. ಅವರ ಮನೆ ಹಿಂದಿನ ಗುಡ್ಡದಲ್ಲಿ ಒಂದು ಗೇರು ಮರ ಇದೆಯಂತೆ, ಅಜ್ಜಿ ಅದರ ಬೇರಿನ ಮೇಲೆ ನಿಂತರೆ ಮಾತ್ರ ಎರಡು ಕಡ್ಡಿ ಬರುತ್ತದಂತೆ. ಮರವನ್ನು ಪದ್ಯದಲ್ಲಿ ಬಿಟ್ಟಿದ್ದಾಳೆ. ನಾನು ಚಿತ್ರದಲ್ಲಿ ಹಾಕುತ್ತೇನೆ.

ಲಘು ಗುರು ಅವರೇ, ಹತ್ತನೇ ಕ್ಲಾಸಿನವರಿಗೆ ನಿಮ್ಮ ಕೊಡೆ ಪದ್ಯ ಕೊಟ್ಟು ಪ್ರಸ್ತಾರ ಹಾಕಿಸಿದ್ದೇನೆ. ಅವರು ಮಾತ್ರೆಯಲ್ಲಿ ಬರೆಯಲಿ, ಸಣ್ಣವರು ಬೆರಳು ಮಡಿಸಿ ಅಕ್ಷರ ಎಣಿಸಲಿ.

ಕೊನೇ ಟ್ರಿಪ್

ಸರ್, ನಾನು ಕಂಡಕ್ಟರ್. ಇಪ್ಪತ್ತೆರಡು ವರ್ಷ ಆಯಿತು. ಕವಿತೆ ಬರೆದವನಲ್ಲ. ನಿಮ್ಮ ಏಳು ರೂಪಾಯಿ ಓದಿ ಒಂದು ಮಾತು ಹೇಳಬೇಕು ಅನ್ನಿಸಿತು.

ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಎಲ್ಲರೂ ಐನೂರರ ನೋಟು ಕೊಡುತ್ತಾರೆ. ಬರೆದುಕೊಡದೆ ಬೇರೆ ದಾರಿ ಇರುವುದಿಲ್ಲ. ಇಳಿಯುವಾಗ ಕೇಳಿ ಇಸ್ಕೊಳ್ಳಿ ಅಂತ ಕೂಗುತ್ತೇನೆ, ಸ್ಟಾಪ್ ಬಂದಾಗ ಮುಂದಿನ ಬಾಗಿಲಿನಿಂದ ಇಳಿದು ಹೋಗಿರುತ್ತಾರೆ. ರಾತ್ರಿ ಲೆಕ್ಕ ಕಟ್ಟುವಾಗ ಚೀಲದಲ್ಲಿ ದುಡ್ಡು ಜಾಸ್ತಿ ಬಂದರೆ ಅದು ಯಾರದು ಅಂತ ಮುಖ ನೆನಪು ಮಾಡಿಕೊಳ್ಳುತ್ತೇನೆ. ಕೆಲವರದ್ದು ನೆನಪಾಗುತ್ತದೆ. ಮರುದಿನ ಹತ್ತಿದರೆ ನಾನೇ ಕರೆದು ಕೊಟ್ಟಿದ್ದೇನೆ. ನೆನಪಾಗದಿದ್ದರೆ ಮನೆಗೆ ಹೋದ ಮೇಲೂ ಅದೇ ತಲೆಯಲ್ಲಿ. ನಿಮ್ಮ ಚಿತ್ರದಲ್ಲಿ ಬಸ್ಸು ಹೋಗಿಬಿಟ್ಟಿತು. ಒಳಗೆ ನಾನು ಇದ್ದೆ. ಬೆರಳು ಮಡಿಸಿ ಎಣಿಸಿ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ.

ಕೊನೆಯ ಟ್ರಿಪ್ಪು
ಚೀಲದಲ್ಲಿ ಯಾರದೋ
ಏಳು ರೂಪಾಯಿ

ಅಂಕೋಲೆ ಅಕ್ಕ

ಇದನ್ನು ತಿದ್ದುವುದಕ್ಕೆ ಏನೂ ಇಲ್ಲ ತಮ್ಮಾ. "ಯಾರದೋ" ಅನ್ನುವ ಆ ಒಂದು ಪದ ಸಾಕು. ಮೇಷ್ಟ್ರೇ, ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿ.

ಚಿತ್ರದ ಮೇಷ್ಟ್ರು

ಹಾಕುತ್ತೇನೆ ಅಕ್ಕಾ. ಪೂರ್ತಿ ಡ್ರಾಯಿಂಗ್ ಶೀಟೇ ತಗೊಳ್ಳುತ್ತೇನೆ. ಎಡಕ್ಕೆ ಒಗೆಯುವ ಕಲ್ಲು, ಬಲಕ್ಕೆ ಡಿಪೋ. ಕಂಡಕ್ಟರ್ ಸರ್, ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ. ಆಮೇಲೆ ಚಿತ್ರಕ್ಕೆ ಒಂದು ವಿಷಯ ಬೇಕಿತ್ತು. ನಿಮ್ಮ ಚೀಲದ ಒಳಗೆ ನಾಣ್ಯಕ್ಕೆ ಬೇರೆ ಖಾನೆ ಇರುತ್ತದಾ? ರಾತ್ರಿ ಲೆಕ್ಕ ಮಾಡುವಾಗ ಚೀಲ ಬೋರಲು ಹಾಕುತ್ತೀರಾ, ಕೈ ಹಾಕಿ ತೆಗೆಯುತ್ತೀರಾ?

ಕೊನೇ ಟ್ರಿಪ್

ಧಾರಾಳವಾಗಿ ಹಾಕಿ ಸರ್. ನನ್ನ ಚೀಲದಲ್ಲಿ ಮುಂದಿನ ಖಾನೆ ನಾಣ್ಯಕ್ಕೆ, ಹಿಂದಿನದು ನೋಟಿಗೆ. ನೋಟು ಕೈಯಲ್ಲಿ ತೆಗೆದು ಜೋಡಿಸುತ್ತೇನೆ. ನಾಣ್ಯದ್ದು ಮಾತ್ರ ಟೇಬಲ್ ಮೇಲೆ ಬೋರಲು ಹಾಕುವುದು. ಒಂದೆರಡು ಯಾವಾಗಲೂ ಉರುಳಿ ಕೆಳಗೆ ಬೀಳುತ್ತವೆ, ಬೇಕಾದರೆ ಅದನ್ನೂ ಬರೆಯಿರಿ.